ಎಂತಕ್ಕೆ ಕ್ಷಮಿಸಿದ್ದು

ಕಾನೂನಿಗೆ ಕಣ್ಣಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೂಗೂ ಇಲ್ಲ ಎಂದು ನನಗೆ ಗೊತ್ತಾದದ್ದು ನನ್ನ ಗಂಡ ಉಬೈದ್ ತೀರಿಕೊಂಡ ಮೇಲೆ.

ನಾವು ಕೊಡಿಯಾಲ್‌ಬೈಲ್‌ಗೆ ಹೋಗಿ ಕುಕ್ಕರಿನ ಗ್ಯಾಸ್ಕೆಟ್ ತೆಗೆದುಕೊಂಡು ಮನೆಗೆ ಬರುತ್ತಿದ್ದೆವು. ಪಡೀಲ್‌ನಲ್ಲಿ ನಮ್ಮ ಒಳರಸ್ತೆಗೆ ತಿರುಗುವ ಕಡೆ ಉಬೈದ್ ಸ್ಕೂಟರ್ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಎದುರಿನ ಲಾರಿ ದಾಟಲಿ ಎಂದು ಕಾಯುತ್ತಿದ್ದರು. ಸಂಜೆಯ ಮಗ್ರಿಬ್ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿತ್ತು. ಪಣಂಬೂರಿನಲ್ಲಿ, ಬಂದರಿನ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಅವರ ಕೆಲಸ. ದಿನವಿಡೀ ಲಾರಿಗಳ ನಡುವೆ ಇರುವ ಮನುಷ್ಯನಾದ್ದರಿಂದ ರಸ್ತೆಯಲ್ಲಿ ಅವರಷ್ಟು ಪುಕ್ಕಲು ಬೇರೆ ಯಾರೂ ಇರಲಿಲ್ಲ. ನಾನು ಹಿಂದೆ ಕೂತು, "ಈ ಲಾರಿ ಹೋಗಿ, ಅದರ ಮೊಮ್ಮಗ ಲಾರಿಯೂ ಹೋದ ಮೇಲೆ ತಿರುಗಿಸಿ" ಎಂದು ತಮಾಷೆ ಮಾಡಿದೆ. ಅವರು ನಗುವಷ್ಟರಲ್ಲಿ ಹಿಂದಿನಿಂದ ಕಾರು ಬಂದು ಹೊಡೆಯಿತು.

ನಾನು ಚರಂಡಿಯ ಬದಿಗೆ ಬಿದ್ದಿದ್ದೆ. ನೋವು ಏನೂ ಗೊತ್ತಾಗಲಿಲ್ಲ. ಆ ಕಾರು ಬಿಡುತ್ತಿದ್ದವರು ಇಳಿದು ಬಂದು ನನ್ನ ಮುಖದ ಮೇಲೆ ಬಗ್ಗಿ, "ಟೀಚರೇ, ನೀವಾ? ಯಾ ಅಲ್ಲಾಹ್, ನೀವಾ?" ಎಂದರು. ಕಮರುದ್ದೀನ್ ಕಾಕ. ನಮ್ಮ ಮಸೀದಿ ಕಮಿಟಿಯ ಖಜಾಂಚಿ, ಟೈಲ್ಸ್ ಅಂಗಡಿಯ ಧಣಿ, ಹಬ್ಬಕ್ಕೆ ಊರಿಗೆಲ್ಲ ಅಕ್ಕಿ ಹಂಚುವವರು. ಅವರ ಬಾಯಿಯಿಂದ ಬ್ರಾಂದಿಯ ವಾಸನೆ ಬಂತು, ಅದರ ಮೇಲೆ ಏಲಕ್ಕಿಯ ವಾಸನೆ.

ಈ ವಿಷಯದಲ್ಲಿ ನನ್ನ ಮೂಗಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ತವರು ಮನೆಯ ಹಿಂಗೋಡೆ ಒಂದು ಬಾರಿನ ಹಿಂಗೋಡೆಗೆ ತಾಗಿಕೊಂಡಿತ್ತು. ಕಿಟಕಿಯಲ್ಲಿ ಕೂತು ಓದುತ್ತಾ ಓದುತ್ತಾ ಇದು ಬಿಯರ್, ಇದು ಬ್ರಾಂದಿ ಎಂದು ಹೇಳುವುದನ್ನು ನಾನು ಮಗ್ಗಿಯ ಜೊತೆಗೇ ಕಲಿತಿದ್ದೆ. ಹೆಮ್ಮೆಪಡುವ ವಿದ್ಯೆಯಲ್ಲ ಅದು. ಆದರೆ ಕಲಿತದ್ದು ಮರೆಯುವುದಿಲ್ಲ.

ನಮ್ಮನ್ನು ಆಸ್ಪತ್ರೆಗೆ ಸಾಗಿಸಿದ್ದು ರಿಕ್ಷಾದ ನೋಣಯ್ಯ. ಉಬೈದ್ ದಾರಿಯಲ್ಲೇ ತೀರಿಕೊಂಡಿದ್ದರು. ಕಮರುದ್ದೀನ್ ಕಾಕನನ್ನು ಅವರ ಅಳಿಯ ಬದ್ರುದ್ದೀನ್ ಬಂದು ಬೇರೆ ಕಾರಿನಲ್ಲಿ ಕರೆದುಕೊಂಡು ಹೋದ. ಎದೆನೋವು ಎಂದು ಯಾವುದೋ ನರ್ಸಿಂಗ್ ಹೋಮಿನ ಐಸಿಯುಗೆ ಸೇರಿಸಿದರು. ನೂರು ಎಂಎಲ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಕಾನೂನಿನ ಪ್ರಕಾರ ಕುಡಿದು ವಾಹನ ಓಡಿಸಿದ ಹಾಗೆ. ಪೊಲೀಸರು ಅವರ ರಕ್ತ ತೆಗೆಸಿದ್ದು ಮರುದಿನ ಮಧ್ಯಾಹ್ನದ ಊಟದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ರಕ್ತದಲ್ಲಿ ಏನೂ ಇರಲಿಲ್ಲ.

ನನ್ನ ಎಡಗೈಗೆ ಎರಡು ಆಪರೇಷನ್ ಆಯಿತು. ಮೂರು ಬೆರಳಿಗೆ ಇವತ್ತಿಗೂ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ಮನಸ್ಸಿನ ಸ್ಥಿತಿಯೂ ಅದೇ ಆಗಿತ್ತು. ಅಳು ಬರಲಿಲ್ಲ. ಬಂದವರು ನನ್ನನ್ನು ತಬ್ಬಿಕೊಂಡು ಅಳುತ್ತಿದ್ದರು, ನಾನು ಅವರ ಬೆನ್ನು ಸವರುತ್ತಿದ್ದೆ. ಯಾರೋ ಹೊರಗೆ ಹೋಗಿ, "ಟೀಚರಿಗೆ ಮನಸ್ಸು ಗಟ್ಟಿ ಮಾರಾಯ್ತಿ" ಎಂದದ್ದು ಕೇಳಿಸಿತು. ಗಟ್ಟಿ ಅಲ್ಲ, ಮರಗಟ್ಟಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದು ಇದ್ದತ್ ಕೂತೆ. ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇರಬೇಕು, ಪರ ಗಂಡಸರ ಎದುರು ಬರಬಾರದು. ಪೊಲೀಸರು ನನ್ನ ಹೇಳಿಕೆ ಬರೆದುಕೊಳ್ಳಲು ಬಂದಾಗ ಉಬೈದ್‌ನ ತಾಯಿ ಹಫ್ಸಾ ಬಾಗಿಲಲ್ಲೇ ನಿಂತು, "ಅವಳು ಇದ್ದತ್ ಕೂತಿದ್ದಾಳೆ, ಎಂತ ಉಂಟೋ ನನ್ನಲ್ಲಿ ಕೇಳಿ" ಎಂದು ಕಳಿಸಿಬಿಟ್ಟರು. ನಾನೂ ಅವರನ್ನು ಉಮ್ಮ ಎಂದೇ ಕರೆಯುವುದು. ಅಗತ್ಯ ಬಿದ್ದರೆ ಹೇಳಿಕೆ ಕೊಡಬಹುದಿತ್ತು ಎಂದು ಮಸೀದಿಯ ಉಸ್ತಾದರು ಆಮೇಲೆ ಹೇಳಿದರು. ಮೊದಲು ಅವರನ್ನು ಕೇಳುವಷ್ಟು ಬುದ್ಧಿ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಹೀಗೆ ಎಫ್‌ಐಆರ್‌ನಲ್ಲಿ ಕಾರು ಇತ್ತು, ಸ್ಕೂಟರ್ ಇತ್ತು, ನಿರ್ಲಕ್ಷ್ಯ ಎಂಬ ಪದ ಇತ್ತು, ವಾಸನೆ ಇರಲಿಲ್ಲ.

ಅಷ್ಟರಲ್ಲಿ ಊರಲ್ಲಿ ಇನ್ನೊಂದು ಕತೆ ಹುಟ್ಟಿತ್ತು. ಉಬೈದ್ ಇಂಡಿಕೇಟರ್ ಹಾಕದೆ ಅಡ್ಡ ತಿರುಗಿಸಿದನಂತೆ, ಕಾಕ ಎಷ್ಟು ಬ್ರೇಕ್ ಹಾಕಿದರೂ ಆಗಲಿಲ್ಲವಂತೆ. ಸತ್ತವನ ಮೇಲೆ ತಪ್ಪು ಹೊರಿಸಲಿಕ್ಕೆ ಕೂಲಿ ಕೊಡಬೇಕಾಗಿಲ್ಲ. ಆ ದಿನಗಳಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಮಾತು. ಕಮರುದ್ದೀನ್ ಕುಡಿದಿದ್ದರು ಎಂದು ಯಾರಾದರೂ ಒಬ್ಬರು, ಎಲ್ಲಾದರೂ ಒಂದು ಕಡೆ, ಗಟ್ಟಿಯಾಗಿ ಹೇಳಬೇಕಾಗಿತ್ತು. ಜೈಲು ಗೀಲು ಅದರ ಹಿಂದೆ ಬರಲಿ, ಬಾರದಿರಲಿ.

ಇದ್ದತ್ ಮುಗಿಯುವ ಮೊದಲೇ ಹಜ್ಜಿನ ಕಾಲ ಬಂತು. ಕಮರುದ್ದೀನ್ ಕಾಕ ಕೋರ್ಟಿನ ಅನುಮತಿ ಪಡೆದು ಹಜ್ಜಿಗೆ ಹೊರಟರು.

ಹಜ್ಜಿಗೆ ಹೋಗುವವರು ನೆಂಟರು, ನೆರೆಯವರು, ಜಗಳವಾಡಿದವರು ಎಲ್ಲರ ಮನೆಗೂ ಹೋಗಿ ಪೊರುತ್ತ ಕೇಳುವುದು ನಮ್ಮಲ್ಲಿ ಪದ್ಧತಿ. ಪೊರುತ್ತ ಎಂದರೆ ಕ್ಷಮೆ. ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯರೇ ಮನ್ನಿಸಬೇಕು, ಮಕ್ಕಾಕ್ಕೆ ಹೋದರೂ ಅದು ತೊಳೆದು ಹೋಗುವುದಿಲ್ಲ. ಕೇಳಿದವರಿಗೆ ಕೊಡುತ್ತಾರೆ. ಸಲಾಂ ಹೇಳಿದರೆ ಮರುಸಲಾಂ ಬಾಯಿಗೆ ಬರುವ ಹಾಗೆ ಅದೂ ಬರುತ್ತದೆ.

ಅವರು ಬದ್ರುದ್ದೀನ್‌ನನ್ನೂ ಕಮಿಟಿಯ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬಂದರು. ನಾನು ಒಳಕೋಣೆಯಲ್ಲಿ ಪರದೆಯ ಹಿಂದೆ ಇದ್ದೆ. "ಟೀಚರೇ, ನನ್ನಿಂದ ಏನು ತಪ್ಪಾಗಿದ್ದರೂ ಅಲ್ಲಾಹುವಿಗಾಗಿ ಪೊರುತ್ತ ಕೊಡಬೇಕು" ಎಂದು ಪರದೆಯ ಆಚೆಯಿಂದ ಸ್ವರ ಬಂತು. ಅಳುವ ಸ್ವರ. ನಾಲ್ಕು ಜನ ಗಂಡಸರು ಕಾಯುತ್ತಾ ಇದ್ದರು.

"ಕೊಟ್ಟಿದ್ದೇನೆ" ಎಂದೆ.

ಆ ಮಾತು ನನ್ನ ಬಾಯಿಂದ ಹೋಯಿತೇ ಹೊರತು ನನ್ನಿಂದ ಹೋಗಲಿಲ್ಲ. ಆಮೇಲೆ ಉಮ್ಮ, "ನೀನು ಇತ್ತ ಬಾ ಮಗಾ" ಎಂದು ಕಮರುದ್ದೀನ್‌ರನ್ನು ಒಬ್ಬರನ್ನೇ ಹಿತ್ತಿಲ ಕಡೆ ಕರೆದುಕೊಂಡು ಹೋದರು. ಮಗನಿಗಾಗಿ ಕಅಬಾದ ಎದುರು ದುಆ ಮಾಡಲು ಹೇಳುತ್ತಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಕಾರು ಹೊರಟ ಸದ್ದು ಕೇಳಿತು.

ಆ ಸಂಜೆ ಉಮ್ಮ ನನ್ನ ಹತ್ತಿರ ಕೂತು, "ನಾನೂ ಕೊಟ್ಟೆ" ಎಂದರು. "ಉಬೈದ್ ಒಳ್ಳೆಯವನೇ. ಆದ್ರೆ ನಮಾಝಿಗೆ ಸೋಮಾರಿ ಅಲ್ವಾ? ಎಬ್ಬಿಸಿ ಎಬ್ಬಿಸಿ ನನ್ನ ಗಂಟಲು ಹೋಗ್ತಿತ್ತು. ಸಾಯುವಾಗ ಕಲಿಮಾ ಹೇಳ್ಲಿಕ್ಕೂ ಅವನಿಗೆ ಪುರುಸೊತ್ತು ಸಿಗಲಿಲ್ಲ. ನಾನು ಕಮರುದ್ದೀನ್‌ಗೆ ಬಿಟ್ಟುಕೊಟ್ಟಿದ್ದೇನೆ, ಅಲ್ಲಾಹು ನನ್ನ ಮಗನಿಗೆ ಬಿಟ್ಟುಕೊಡಲಿ."

ಉಮ್ಮನಿಗೆ ಇದ್ದದ್ದು ಒಬ್ಬನೇ ಮಗ, ನಮಗೆ ಮಕ್ಕಳೂ ಆಗಿರಲಿಲ್ಲ. ಬೀಡಿ ಕಟ್ಟಿ ಸಾಕಿದ ಮಗನಿಗಾಗಿ ಇನ್ನು ಅವರು ಮಾಡಬಹುದಾದದ್ದು ಇದೊಂದೇ. ನಾನು ಹೂಂ ಎಂದೆ.

ಇದ್ದತ್ ಮುಗಿದ ದಿನ ನಾನು ಹೋದ ಮೊದಲ ಜಾಗ ಪೊಲೀಸ್ ಸ್ಟೇಷನ್. ವಾಸನೆಯ ವಿಷಯ ಬರೆಸಿದೆ. ಅಲ್ಲಿಂದ ಅರ್ಜಿ, ಮರು ಅರ್ಜಿ, ಓಡಾಟ. ಕೊನೆಗೆ ಚಾರ್ಜ್‌ಶೀಟಿನಲ್ಲಿ ದೊಡ್ಡ ಸೆಕ್ಷನ್ ಸೇರಿತು. ಸರಕಾರಿ ವಕೀಲೆ ಡೈಸಿ ಮೇಡಂ ಮುಚ್ಚುಮರೆ ಇಲ್ಲದ ಹೆಂಗಸು. "ನೋಡಿ ಟೀಚರ್, ಬರೇ ಅಜಾಗರೂಕತೆ ಅಂದ್ರೆ ಸಣ್ಣ ಸೆಕ್ಷನ್. ಕುಡಿದು ಕೊಂದದ್ದು ಅಂದ್ರೆ ದೊಡ್ಡದು. ರಕ್ತದ ರಿಪೋರ್ಟ್ ನಮ್ಮ ಕಡೆ ಇಲ್ಲ. ಈ ದೊಡ್ಡ ಸೆಕ್ಷನ್ ನಿಂತಿರುವುದು ನಿಮ್ಮ ಮೂಗಿನ ಮೇಲೆ ಮಾತ್ರ" ಎಂದರು.

ಬದ್ರುದ್ದೀನ್ ಒಮ್ಮೆ ಶಾಲೆಯ ಗೇಟಿಗೇ ಬಂದ. "ಮಾವ ಕುಡಿದಿದ್ರು ಅಂತ ನೀವು ಹೇಳಿದ್ರೆ ಇನ್ಶೂರೆನ್ಸಿನವರು ನಿಮಗೆ ಒಂದು ಪೈಸೆ ಕೊಡುವುದಿಲ್ಲ ಟೀಚರೇ. ನಿಮ್ಮ ಒಳ್ಳೆಯದಕ್ಕೆ ಹೇಳ್ತಾ ಇದ್ದೇನೆ" ಎಂದ. ನಾನು ಡೈಸಿ ಮೇಡಂ ಹತ್ತಿರ ಕೇಳಿದೆ. ಅವರು ನಕ್ಕರು. "ಅಂಥ ಕೇಸಲ್ಲಿ ಕೋರ್ಟು ಸಾಧಾರಣ ಕಂಪನಿಯವರಿಂದ ನಿಮಗೆ ಕೊಡಿಸ್ತದೆ. ಮತ್ತೆ ಅವರು ಅದನ್ನು ಕಾರಿನ ಧಣಿಯಿಂದ ವಸೂಲು ಮಾಡ್ತಾರೆ. ಅವನಿಗೆ ಹೆದರಿಕೆ ನಿಮ್ಮ ಹೊಟ್ಟೆಯದ್ದಲ್ಲ, ಮಾವನ ಕಿಸೆಯದ್ದು."

ವಿಚಾರಣೆ ಶುರುವಾಗುವಾಗ ಎರಡನೇ ವರ್ಷ ನಡೆಯುತ್ತಿತ್ತು. ಕಮರುದ್ದೀನ್ ಕಾಕ ಈಗ ಕಮರುದ್ದೀನ್ ಹಾಜಿ. ಮೊದಲ ಸಾಕ್ಷಿ ನೋಣಯ್ಯ. "ನಾನು ಆಗ ಚಹಾ ಕುಡಿತಾ ಇದ್ದೆ. ಸದ್ದು ಕೇಳಿ ಬಂದೆ. ಯಾರು ಕುಡಿದಿದ್ರು, ಯಾರು ಕುಡಿದಿರಲಿಲ್ಲ ನನಗೆ ಗೊತ್ತಿಲ್ಲ" ಎಂದು ನೆಲ ನೋಡಿಕೊಂಡು ಹೇಳಿ ಇಳಿದ. ಅವತ್ತು ರಿಕ್ಷಾದಲ್ಲಿ ದಾರಿಯುದ್ದಕ್ಕೂ "ಕುಡಿದು ಸಾಯಿಸಿಬಿಟ್ಟ" ಎಂದು ಬೈದವನು ಅವನೇ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ರಿಕ್ಷಾ ನಿಲ್ಲುವುದು ಹಾಜಿಯವರ ಅಂಗಡಿಯ ಎದುರು.

ಮುಂದಿನ ಸಾಕ್ಷಿ ನಾನು. ಹಾಜಿಯವರ ವಕೀಲ ಚಿತ್ತರಂಜನ ತುಂಬ ಮರ್ಯಾದೆಯಿಂದ ಕೇಳಿದರು.

"ಟೀಚರೇ, ನೀವು ಯಾವಾಗಲಾದ್ರೂ ಮದ್ಯ ಸೇವಿಸಿದ್ದುಂಟಾ?"

"ಇಲ್ಲ."

"ಹಾಗಾದ್ರೆ ಅದು ಮದ್ಯದ ವಾಸನೆ ಅಂತ ನಿಮಗೆ ಹೇಗೆ ಗೊತ್ತು?"

"ನಾನು ಚರಂಡಿ ನೀರನ್ನೂ ಕುಡಿದಿಲ್ಲ. ಅದರ ವಾಸನೆಯೂ ಗೊತ್ತಾಗ್ತದೆ."

ಯಾರೋ ನಕ್ಕರು. ಡೈಸಿ ಮೇಡಂ ನನ್ನನ್ನು ದುರುಗುಟ್ಟಿ ನೋಡಿದರು. ಚಿತ್ತರಂಜನರು ಮಾತ್ರ ನಗಲಿಲ್ಲ. ಇಷ್ಟು ದೊಡ್ಡ ವಿಷಯವನ್ನು ನಾಲ್ಕು ತಿಂಗಳು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರು. ಇದ್ದತ್ ಎಂದೆ. ಇದ್ದತ್‌ನಲ್ಲಿ ಪರ ಗಂಡಸರ ಹತ್ತಿರ ಮಾತಾಡುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಆಗ ಅವರು ಮೊಬೈಲ್‌ನಿಂದ ಇಳಿಸಿದ ಒಂದು ಧ್ವನಿಮುದ್ರಣ ಕೇಳಿಸಿದರು. ಬದ್ರುದ್ದೀನ್ ಅವತ್ತು ನಮ್ಮ ಚಾವಡಿಯಲ್ಲಿ ಕೂತು ಮಾಡಿಕೊಂಡದ್ದು. ಹಾಜಿಯವರ ಅಳು ಕೇಳಿತು. ಆಮೇಲೆ ನನ್ನ ಸ್ವರ, ಪರದೆಯ ಹಿಂದಿನಿಂದ ಬಂದದ್ದು. ಕೊಟ್ಟಿದ್ದೇನೆ.

"ಈ ಸ್ವರ ನಿಮ್ಮದೇ ಅಲ್ವಾ? ಕ್ಷಮಿಸಿದ ಮೇಲೆ ಮತ್ತೆ ಈ ದ್ವೇಷ ಯಾಕೆ?"

"ಸ್ವರ ನನ್ನದೇ. ದ್ವೇಷ ಇಲ್ಲ. ವಾಸನೆ ಇತ್ತು" ಎಂದೆ.

ಮನೆಗೆ ಬಂದರೆ ಉಮ್ಮ ಮಾತು ಬಿಟ್ಟಿದ್ದರು. ಬಡಿಸಿದರು, ತಟ್ಟೆ ತೊಳೆದರು, ಮಲಗುವ ಮೊದಲು ಒಂದೇ ಮಾತು ಹೇಳಿದರು. "ಕೊಟ್ಟ ಪೊರುತ್ತವನ್ನು ವಾಪಸ್ ತಗೊಂಡಿಯಲ್ಲ ಸಮೀನಾ. ಅಲ್ಲಿ ಅವನ ಗತಿ ಎಂತ?" ಅಲ್ಲಿ ಎಂದರೆ ಕಬರಿನಲ್ಲಿ, ಅವನು ಎಂದರೆ ಉಬೈದ್. ನಾನು ಸತ್ಯ ಮಾತ್ರ ಹೇಳಿದ್ದೇನೆ ಎಂದೆ. ಉಮ್ಮ ಗೋಡೆ ಕಡೆ ತಿರುಗಿ ಮಲಗಿದರು.

ಸ್ವಲ್ಪ ದಿನದಲ್ಲಿ ಉಮ್ಮನಿಗೆ ಸಮನ್ಸ್ ಬಂತು. ಹಾಜಿಯವರ ಕಡೆಯ ಸಾಕ್ಷಿಯಾಗಿ. ಸತ್ತವನ ತಾಯಿಯೇ ಬಂದು, ಅದು ವಿಧಿ, ಕ್ಷಮಿಸಿದ್ದೇನೆ ಎಂದರೆ ಸೊಸೆಯ ಮೂಗಿಗೆ ಏನು ಬೆಲೆ? ಚಿತ್ತರಂಜನರ ಲೆಕ್ಕ ಸರಿಯಾಗಿಯೇ ಇತ್ತು. ಹೋಗಬೇಡಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ. ಕರೆದುಕೊಂಡು ಹೋಗಲು ಬದ್ರುದ್ದೀನ್ ಕಾರು ಕಳಿಸಿದ. ಉಮ್ಮ ಅದಕ್ಕೆ ಹತ್ತಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ಹೋದೆವು, ಒಂದೇ ಸೀಟಿನಲ್ಲಿ ಮಾತಿಲ್ಲದೆ ಕೂತು.

ಅಲ್ಲಾಹುವಿನ ಹೆಸರಿನಲ್ಲಿ ಸತ್ಯವನ್ನೇ ಹೇಳುತ್ತೇನೆ ಎಂದು ಉಮ್ಮ ಪ್ರಮಾಣ ಮಾಡಿದರು. ಕೂರಲು ಕುರ್ಚಿ ಕೊಟ್ಟರೂ ಕೂರಲಿಲ್ಲ. ಕಟಕಟೆಯಲ್ಲಿ ಹಾಜಿಯವರು ಟೊಪ್ಪಿ ಹಾಕಿ ಕೈಕಟ್ಟಿ ನಿಂತಿದ್ದರು.

"ಉಮ್ಮಾ, ಇವರು ಹಜ್ಜಿಗೆ ಹೋಗುವ ಮೊದಲು ನಿಮ್ಮ ಮನೆಗೆ ಬಂದದ್ದು ಹೌದಾ?" ಚಿತ್ತರಂಜನರು ಕೇಳಿದರು.

"ಹೌದು."

"ನೀವು ಇವರನ್ನು ಮನಸಾರೆ ಕ್ಷಮಿಸಿದ್ದೀರಾ?"

"ಕ್ಷಮಿಸಿದ್ದೇನೆ."

"ಇವತ್ತಿಗೂ ಆ ಮಾತಿಗೆ ಬದ್ಧರಾ?"

"ಅದು ಬದಲಾಗುವ ಮಾತಲ್ಲ."

ಚಿತ್ತರಂಜನರು ಜಡ್ಜರಿಗೆ ತಲೆ ಬಾಗಿಸಿ ಕೂತರು. ಡೈಸಿ ಮೇಡಂ ಎದ್ದರು. ಏನು ಕೇಳಬೇಕು ಎಂದು ಅವರಿಗೂ ಗೊತ್ತಿರಲಿಲ್ಲ ಎಂದು ನನ್ನ ಅಂದಾಜು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಂತಕ್ಕೆ ಕ್ಷಮಿಸಿದ್ದು ಉಮ್ಮಾ? ಅವರು ಮಾಡಿದ ತಪ್ಪು ಎಂತ?"

ಉಮ್ಮ ಕಟಕಟೆಯ ಕಡೆ ತಿರುಗಿದರು. ಹಾಜಿಯವರು ತಲೆ ಎತ್ತಿ ಉಮ್ಮನನ್ನು ನೋಡಿದರು. ಜಡ್ಜರು, "ಉತ್ತರ ಹೇಳಬೇಕಮ್ಮ" ಎಂದರು.

"ಕುಡಿದು ಕಾರು ಬಿಟ್ಟದ್ದಕ್ಕೆ" ಎಂದರು ಉಮ್ಮ.

ಚಿತ್ತರಂಜನರು ಎದ್ದು ನಿಂತು ಏನೋ ಹೇಳಹೊರಟರು. ಜಡ್ಜರು ಕೈ ಎತ್ತಿ ಅವರನ್ನು ಕೂರಿಸಿದರು. ಡೈಸಿ ಮೇಡಂ ಈಗ ಬಹಳ ಮೆಲ್ಲಗೆ ಕೇಳಿದರು. "ಅವರು ಕುಡಿದಿದ್ರು ಅಂತ ನಿಮಗೆ ಯಾರು ಹೇಳಿದ್ದು? ನಿಮ್ಮ ಸೊಸೆಯಾ?"

"ಅವಳಲ್ಲ. ಅವನೇ ಹೇಳಿದ್ದು, ಹಿತ್ತಿಲಲ್ಲಿ. ಎಂತ ತಪ್ಪು ಅಂತ ಹೇಳದೆ ಪೊರುತ್ತ ಕೇಳಿದ್ರೆ ಕೊಟ್ಟರೂ ಅದು ಕೊಟ್ಟ ಹಾಗೆ ಆಗುವುದಿಲ್ಲ ಮಗಾ, ನನ್ನ ಹತ್ತಿರ ಹೇಳು ಅಂದೆ. ಅವನು ನನ್ನ ಕಾಲು ಹಿಡಿದ. ಆ ದಿನ ತೋಟದ ಪಾರ್ಟಿಯಲ್ಲಿ ಕುಡಿದಿದ್ದೆ ಉಮ್ಮಾ, ನಿಂತ ಸ್ಕೂಟರ್ ನನಗೆ ಕಾಣಲೇ ಇಲ್ಲ ಅಂದ. ಅದಕ್ಕೆ ಕೊಟ್ಟೆ."

ಹಾಜಿಯವರು "ಉಮ್ಮಾ" ಎಂದರು, ಅಷ್ಟೇ. ಇಲ್ಲ, ನಾನು ಹಾಗೆ ಹೇಳಿಲ್ಲ ಎನ್ನಲಿಲ್ಲ. ಜಡ್ಜರು ಉಮ್ಮನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಟೈಪ್ ಮಾಡಿಸಿದರು. ನಿಂತ ಸ್ಕೂಟರ್ ಎಂಬುದೂ ಅದರಲ್ಲಿ ಬಂತು.

ಹೊರಗೆ ವರಾಂಡದಲ್ಲಿ ಡೈಸಿ ಮೇಡಂ ನನ್ನ ಕೈ ಹಿಡಿದು, "ಇದೊಂದೇ ಸಾಕು ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಆದ್ರೆ ಇದನ್ನು ಅವರು ಸುಲಭದಲ್ಲಿ ನುಂಗುವ ಹಾಗಿಲ್ಲ" ಎಂದರು. ನನಗೆ ಬೇಕಾಗಿದ್ದ ಮಾತು ಸಿಕ್ಕಿತ್ತು. ಸಂತೋಷ ಆಗಬೇಕಿತ್ತು, ಆಗಲಿಲ್ಲ. ಎರಡು ವರ್ಷ ನನ್ನ ಮೂಗನ್ನು ಊರೆಲ್ಲ ಹಿಡಿದು ಎಳೆಯುವಾಗ ಒಂದೇ ಸೂರಿನ ಕೆಳಗೆ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದರಲ್ಲ ಎಂದು ಉಮ್ಮನ ಮೇಲೆ ಸಿಟ್ಟಾದರೂ ಬರಬೇಕಿತ್ತು. ಅದೂ ಬರಲಿಲ್ಲ.

ವಾಪಸ್ ಬರಲು ಹಿಡಿದ ರಿಕ್ಷಾ ಕೊಡಿಯಾಲ್‌ಬೈಲ್‌ನ ಟ್ರಾಫಿಕ್ಕಿನಲ್ಲಿ ನಿಂತಾಗ ಕೇಳಿದೆ. "ನನಗೆ ಯಾಕೆ ಹೇಳಲಿಲ್ಲ ಉಮ್ಮ?"

"ಪೊರುತ್ತ ಕೊಟ್ಟ ಮೇಲೆ ಆ ತಪ್ಪನ್ನು ಇನ್ನೊಬ್ಬರ ಹತ್ತಿರ ಹೇಳ್ಲಿಕ್ಕಿಲ್ಲ. ಮುಚ್ಚಿಡಬೇಕು. ಇಲ್ಲದಿದ್ರೆ ಕೊಟ್ಟದ್ದು ಎಂತ?"

"ಇವತ್ತು ಹೇಳಿದಿರಲ್ಲ."

"ಅಲ್ಲಾಹುವಿನ ಹೆಸರು ಹಿಡಿದು ನಿಲ್ಲಿಸಿ ಕೇಳಿದ್ರೆ ಎಂತ ಮಾಡುವುದು? ಸುಳ್ಳು ಹೇಳುವುದಾ?" ಉಮ್ಮ ಸೀಟಿನಲ್ಲಿ ಮುಂದಕ್ಕೆ ಸರಿದು ಕೂತರು. "ಮನೆಗೆ ಆಮೇಲೆ ಹೋಗುವ. ಮೊದಲು ಕಮರುದ್ದೀನ್‌ನ ಮನೆಗೆ ಹೋಗಬೇಕು."

"ಅಲ್ಲಿ ಎಂತ ಕೆಲಸ?"

"ನಾನು ಅವನ ಹತ್ತಿರ ಪೊರುತ್ತ ಕೇಳಬೇಕು. ಅವನ ಗುಟ್ಟು ಹೊರಗೆ ಹಾಕಿದ್ದೇನೆ. ಇದು ಹೀಗೇ ಉಳಿದ್ರೆ ಉಬೈದ್‌ಗೆ ಅಂತ ನಾನು ಮಾಡಿದ್ದು ಎಲ್ಲ ನೀರಲ್ಲಿ ಹೋಯ್ತು."

ನಾನು ಬರುವುದಿಲ್ಲ ಎಂದೆ. ನಿಮಗೆ ತಲೆ ಸರಿ ಉಂಟಾ ಎಂದೂ ಕೇಳಿದೆ. ಉಮ್ಮ ವಾದಿಸಲಿಲ್ಲ, ರಿಕ್ಷಾದವನಿಗೆ ದಾರಿ ಹೇಳಿದರು. ಅವರನ್ನು ಒಬ್ಬರನ್ನೇ ಆ ಮನೆಯ ಎದುರು ಇಳಿಸಿ ಹೋಗುವುದು ನನ್ನಿಂದ ಆಗಲಿಲ್ಲ.

ಹಾಜಿಯವರು ನಮಗಿಂತ ಮೊದಲೇ ಮನೆ ಮುಟ್ಟಿದ್ದರು. ಬೆಲ್ ಮಾಡಿದಾಗ ಬಾಗಿಲು ತೆರೆದದ್ದು ಅವರೇ. ತಲೆಯಲ್ಲಿ ಟೊಪ್ಪಿ ಇರಲಿಲ್ಲ. ಉಮ್ಮ ಮೆಟ್ಟಿಲ ಕೆಳಗೇ ನಿಂತು ಸೆರಗು ಸರಿಮಾಡಿಕೊಂಡರು.

"ಕಮರುದ್ದೀನ್, ನೀನು ನನ್ನನ್ನು ನಂಬಿ ಹೇಳಿದ್ದನ್ನು ನಾನು ನಾಲ್ಕು ಜನರ ಎದುರು ಹೇಳಿಬಿಟ್ಟೆ. ಸುಳ್ಳು ಹೇಳ್ಲಿಕ್ಕೆ ಆಗಲಿಲ್ಲ. ಆ ತಪ್ಪಿಗೆ ಅಲ್ಲಾಹುವಿಗಾಗಿ ನನಗೆ ಪೊರುತ್ತ ಕೊಡು ಮಗಾ."

ಅವರು ಉಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿತ್ತು.

ಆಗ ನನಗೆ ಸಿಟ್ಟು ಬಂತು. ಆಸ್ಪತ್ರೆಯಲ್ಲಿ ಬಾರದ ಸಿಟ್ಟು, ಕೋರ್ಟಿನಲ್ಲಿ ಬಾರದ ಸಿಟ್ಟು. ಬಾಗಿಲು ಬಡಿಯಲು ಹೊರಟವಳ ಕೈಯನ್ನು ಉಮ್ಮ ಹಿಡಿದುಕೊಂಡರು.

"ಬೇಡ. ನಾನು ಕೇಳಿದ್ದು ನೀನು ನೋಡಿದಿಯಲ್ಲ?"

"ನೋಡಿದ್ದೇನೆ ಉಮ್ಮ."

"ಎಂತಕ್ಕೆ ಅಂತ ಬಾಯಿ ಬಿಟ್ಟು ಹೇಳಿಯೇ ಕೇಳಿದ್ದೇನೆ ಅಲ್ವಾ?"

"ಹೌದು, ಹೇಳಿಯೇ ಕೇಳಿದ್ದೀರಿ."

"ಹಾಗಾದ್ರೆ ನೀನು ಸಾಕ್ಷಿ. ನಾಳೆ ಅಲ್ಲಾಹುವಿನ ಎದುರು ನನ್ನ ಹ‌ತ್ತಿರ ಕೇಳುವಾಗ ನೀನು ಹೇಳಬೇಕು" ಎಂದರು ಉಮ್ಮ.

ಹೇಳ್ತೇನೆ ಎಂದೆ.